ಮಾತು ಉಳಿದೈತಿ, ಮಟ್ಟು?

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು, ತೊರವಿ ದಾಟಿ ಮುಂದೆ ಹೋದರೆ ತಿಕೋಟಾ. ಮಾರ್ಚ್ ತಿಂಗಳಲ್ಲಿ ಆ ಕಡೆಯ ಹೊಲಗಳಲ್ಲಿ ಹಸಿರು ನೆಟ್ಟು ಹೊದ್ದು ನಿಂತ ಒಣದ್ರಾಕ್ಷಿ ಶೆಡ್ಡುಗಳದೇ ಕಾರುಬಾರು. ಅಂಥ ಒಂದು ಶೆಡ್ಡಿನ ಬಾಯಲ್ಲಿ, ಹೊರಸಿನ ಮೇಲೆ ಕೂತು ಇಬ್ಬರು ಆಡಿದ ಮಾತು ಇದು. ಒಬ್ಬರು ಕಂಪನಿ ನಾಟಕಗಳಿಗೆ ಮೂವತ್ತು ವರ್ಷ ಪೇಟಿ ನುಡಿಸಿದವರು. ಈಗ ಮಗನ ದ್ರಾಕ್ಷಿಗೆ ಕಾವಲು. ಇನ್ನೊಬ್ಬ ಬಬಲೇಶ್ವರ ಕಡೆಯ ಸಾಲಿ ಮಾಸ್ತರ, ನಾಟಕದ ಹುಚ್ಚಿನವ. ಹೆಸರು ಬೇಡವೆಂದರು, ಬಿಟ್ಟಿದ್ದೇನೆ. ಆಡಿದ ಭಾಷೆಯನ್ನು ಮಾತ್ರ ತಿದ್ದಿಲ್ಲ.

— ಬಾರೋ ತಮ್ಮಾ. ಆ ರ್ಯಾಕಿನ ಕಡೆ ಹೋಗಬ್ಯಾಡ, ನಿನ್ನೆ ಗಂಧಕದ ಹೊಗಿ ಹಾಕೇವಿ, ಗಂಟಲ ಹಿಡೀತೈತಿ. ಇಲ್ಲೇ ಕುಂಡ್ರು. ಏನಿದು ಚೀಲ ತುಂಬ?

— ನಾಟಕದ ಪ್ರತಿ, ಕಾಕಾ. ಝರಾಕ್ಸ್ ಮಾಡಿಸಿಕೊಂಡು ಬಂದೀನಿ. ಪ್ರತಿ ವರ್ಷದಂಗ ಒಂದೇ ನಾಟಕ ಆಡಿ ಕೈ ತೊಳಕೊಳ್ಳೂದು ಬ್ಯಾಡ, ಈ ಸಲ ನಾಕು ಹಳೇ ಕಂಪನಿ ನಾಟಕ ಸಾಲಾಗಿ ಎತ್ತೂಣು ಅಂತ ಹುಡುಗ್ರು ಕೂಡಿ ಮಾತಾಡೇವಿ. ವಿಜಯಪುರದಾಗ ಕಂದಗಲ್ಲ ಹನಮಂತರಾಯ ರಂಗಮಂದಿರ, ಆಮ್ಯಾಲ ನಿಮ್ಮ ತಿಕೋಟಾ, ಕಡೀಕ ನಮ್ಮ ಬಬಲೇಶ್ವರ.

— ಯಾವ್ಯಾವು?

— ಕಂದಗಲ್ಲರ ‘ರಕ್ತರಾತ್ರಿ’. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’. ಬೆಳ್ಳಾವೆ ನರಹರಿಶಾಸ್ತ್ರಿಗಳ ‘ಸದಾರಮೆ’. ಕಡೇ ದಿನ ‘ಜಗಜ್ಯೋತಿ ಬಸವೇಶ್ವರ’. ಪುನರುಜ್ಜೀವನ ಅಂತ ಬ್ಯಾನರ್ ಬರೆಸಬೇಕು.

— ಪುನರುಜ್ಜೀವನ? ಸತ್ತದ್ದನ್ನ ಎಬ್ಬಿಸತೀಯೇನು? ಕಂಪನಿಯೊಳಗ ಈ ಮಾತ ಇರಲಿಲ್ಲ ನೋಡು. ಒಂದೂರಾಗ ಕಲೆಕ್ಷನ್ ಬಿತ್ತು ಅಂದ್ರ ಮುಂದಿನ ಕ್ಯಾಂಪಿನಾಗ ಅದೇ ನಾಟಕಕ್ಕ ಬ್ಯಾರೆ ಹೆಸರು. ಹ್ಯಾಂಡ್‌ಬಿಲ್ಲಿನಾಗ ಮ್ಯಾಲ ದಪ್ಪ ಅಕ್ಷರದಾಗ ಹೊಸಾ ಹೆಸರು, ತೆಳಗ ಸಣ್ಣ ಅಕ್ಷರದಾಗ ಹಳೇ ಹೆಸರು, ನಡುವ ‘ಅರ್ಥಾತ್’. ಆ ಅರ್ಥಾತ್ ಅನ್ನೂ ಒಂದು ಶಬ್ದದ ಮ್ಯಾಲ ಎಷ್ಟು ಕಂಪನಿ ಎಷ್ಟು ವರ್ಷ ಉಂಡಾವ, ನಿನಗ ಗೊತ್ತಿಲ್ಲ.

— ಹಂಗಾದ್ರ ನಾನೂ ಅರ್ಥಾತ್ ಅಂತ ಹಾಕತೀನಿ ಬಿಡ್ರಿ. ನಿಮ್ಮ ಕಡೆ ಬಂದದ್ದು ಯಾಕಂದ್ರ, ಪೇಟಿಗೆ ನೀವು ಕುಂಡ್ರಬೇಕು.

— ಅದನ್ನ ಆಮ್ಯಾಲ ನೋಡೂಣು. ಮೊದಲ ಹೇಳು, ಕಂದಗಲ್ಲರ ನಾಟಕ ಯಾಕ ಆರಿಸಿದಿ? ಮಂದಿರಕ್ಕ ಅವರ ಹೆಸರೈತಿ ಅಂತೇನು?

— ಅದೂ ಒಂದು. ವಿಜಯಪುರದಾಗ ಯಾವ ಹುಡುಗನ್ನ ಕೇಳ್ರಿ, ಕಂದಗಲ್ಲ ಅಂದ್ರ ಒಂದು ಕಟ್ಟಡ. ಸಾಲಿ ಗ್ಯಾದರಿಂಗು, ಸತ್ಕಾರ, ಸಮಾರಂಭ ನಡೆಯೂ ಜಾಗಾ. ಅಂವ ಒಬ್ಬ ಮನಷಾ ಇದ್ದ, 1896ರಾಗ ಹುಟ್ಟಿದ, 1966ರಾಗ ಹೋದ, ಕರ್ನಾಟಕದ ಶೇಕ್ಸ್‌ಪಿಯರ್ ಅಂತ ಕರೀತಿದ್ರು ಅಂದ್ರ ನನ್ನ ಮಕ್ಕಳು ನಗತಾವ.

— ಅವರ ಊರು ಆಗಿನ ಹುನಗುಂದ ತಾಲೂಕಿನ ಕಂದಗಲ್ಲು. 1997ರಾಗ ಬಾಗಲಕೋಟಿ ಬ್ಯಾರೆ ಜಿಲ್ಲಾ ಆತು ನೋಡು, ಕಂದಗಲ್ಲೂ ಆ ಕಡೆ ಹೋತು, ಧುತ್ತರಗಿಯವರ ಸೂಳೇಭಾವೀನೂ ಆ ಕಡೆ ಹೋತು, ಹಾಡುಗಾರ್ತಿ ಅಮೀರಬಾಯಿಯ ಬೀಳಗೀನೂ ಹೋತು. ಜಿಲ್ಲಾ ಪಾಲಾಗುವಾಗ ನೀರಿನ ಬಗ್ಗೆ, ಕಚೇರಿ ಬಗ್ಗೆ ಜಗಳ ಆತು. ನಾಟಕದವರು ಯಾರ ಪಾಲಿಗೆ ಅಂತ ಯಾರೂ ಕೇಳಲಿಲ್ಲ. ನಮಗ ಉಳಿದದ್ದು ಮಂದಿರದ ಬೋರ್ಡು.

— ಶ್ರೀರಂಗರು ಉಳಿದಾರಲ್ರಿ. ಇಂಡಿ ತಾಲೂಕಿನ ಅಗರಖೇಡ.

— ಹೌದಪಾ, ಭೀಮಾ ದಂಡಿ. ಅವರ ನಾಟಕ ನಾ ಓದೀನಿ, ‘ಕೇಳು ಜನಮೇಜಯ’ ಒಂದೆರಡು ಸಲ ನೋಡೀನಿ. ದೊಡ್ಡವರು. ಆದ್ರ ಅಲ್ಲಿ ಪೇಟಿ ಮಾಸ್ತರಗ ಕೆಲಸಿಲ್ಲ. ನಾವು ಹುಡುಗ್ರಿದ್ದಾಗ ಹಾಸ್ಯಾ ಮಾಡತಿದ್ವಿ: ಭೀಮಾ ದಂಡಿ ನಾಟಕ ವಾದಾ ಮಾಡತೈತಿ, ಕೃಷ್ಣಾ ದಂಡಿ ನಾಟಕ ಹಾಡತೈತಿ.

— ಅದು ಸುಳ್ಳು, ಕಾಕಾ. ಹಲಸಂಗಿ ಆ ಕಡೇನ ಐತಿ, ಲಾವಣಿ ಅಲ್ಲೇ ಹುಟ್ಟ್ಯಾವ.

— ಸುಳ್ಳ ಬಿಡು. ಹಾಸ್ಯಾ ಅಂದೆನಲ್ಲ. ಎಲ್ಲಿ, ಆ ‘ರಕ್ತರಾತ್ರಿ’ ಕೊಡಿಲ್ಲಿ.

(ಕನ್ನಡಕ ಹಾಕಿಕೊಂಡು ನಾಲ್ಕು ಪುಟ ಮಗುಚಿದರು. ಬೆರಳಿಗೆ ಎಣ್ಣೆ ಹತ್ತಿತ್ತು. ಹಸಿ ಗೊನೆಯನ್ನು ಅದ್ದುವ ಡಿಪ್ಪಿಂಗ್ ಎಣ್ಣೆ. ಕಾಗದದ ಅಂಚಿನಲ್ಲಿ ಅರ್ಧಚಂದ್ರದ ಗುರುತು ಉಳಿಯಿತು.)

— ಮಾತೆಲ್ಲಾ ಐತಿ. ಅಶ್ವತ್ಥಾಮ ಐತಿ, ಶಕುನಿ ಐತಿ. ಈ ಪ್ರಾಸ ನೋಡು, ಒಂದ್ ಉಸಿರಿನಾಗ ಹೇಳಿದ್ರ ಹಿಂದ ಕುಂತವರ ಎದಿ ಝಲ್ ಅನಬೇಕು. ನಡುವ ಉಸಿರು ತಗೊಂಡಿ ಅಂದ್ರ ಹೋತು, ಅದು ಬರೇ ಬೈಗಳು ಆಗತೈತಿ. ಹಾಡಿನ ಪದಗಳೂ ಅದಾವ. ಮಟ್ಟು ಎಲ್ಲೈತಿ?

— ಪುಸ್ತಕದಾಗ ಅಷ್ಟ ಇತ್ತು.

— ಅದಕ್ಕ ಕೇಳಿದೆ. ತಡಿ.

(ಒಳಗೆ ಹೋಗಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಒಂದು ವಹಿ ತಂದರು. ಅಂಗಡಿಯವರು ಉದ್ದರಿ ಬರೆದುಕೊಳ್ಳುವಂಥದ್ದು. ಮಸಿ ಹರಡಿ ಅಕ್ಷರಗಳು ದಪ್ಪಗಾಗಿದ್ದವು. ಪ್ರತಿ ಹಾಡಿನ ತಲೆಯ ಮೇಲೆ ಮೂರು ಸಂಗತಿ: ರಾಗ, ತಾಳ, ಮಟ್ಟು.)

— ಇದು ನನ್ನ ಗುರುಗಳ ಕೈಬರಹ. ಇಲ್ಲಿ ನೋಡು. ರಾಗ ಭೀಮಪಲಾಸ, ತಾಳ ತ್ರಿತಾಳ. ಮಟ್ಟು ಅಂತ ಬರದು ಮುಂದ ಒಂದು ಮರಾಠಿ ನಾಟ್ಯಪದದ ಮೊದಲ ಎರಡು ಶಬ್ದ. ಅಂದ್ರ ಏನು, ಆ ಮರಾಠಿ ಪದ ಹ್ಯಾಂಗ ಹಾಡತಾರೋ ಹಂಗ ಇದನ್ನ ಹಾಡ್ರಿ ಅಂತ. ಅವರಿಗೆ ಆ ಪದ ಗೊತ್ತಿತ್ತು, ನಟರಿಗೂ ಗೊತ್ತಿತ್ತು, ನೆಲದ ಮ್ಯಾಲ ಕುಂತವರಿಗೂ ಗೊತ್ತಿತ್ತು. ಎಲ್ಲಾರಿಗೂ ಗೊತ್ತಿದ್ದದ್ದನ್ನ ಸ್ವರ ಹಾಕಿ ಯಾರು ಬರೀತಾರ? ಈಗ ನನಗ ಆ ಪದ ಬರೂದಿಲ್ಲ. ಮಟ್ಟು ಅಂದ್ರ ವಿಳಾಸ ಇದ್ದಂಗ ತಮ್ಮಾ. ವಿಳಾಸ ಐತಿ, ಹೋಗಿ ನೋಡಿದ್ರ ಅಲ್ಲಿ ಮನೀನ ಇಲ್ಲ.

— ಮರಾಠಿಯವರ ಕಡೆ ಕೇಳಿದ್ರ ಸಿಗಬಹುದು. ಅವರು ನಾಟ್ಯಸಂಗೀತ ಇನ್ನೂ ಬೈಠಕಿನಾಗ ಹಾಡತಾರ.

— ಕೇಳೂಣು. ಆದ್ರ ಅವರ ಹಳೇ ಪುಸ್ತಕ ತಗದು ನೋಡು, ಎಷ್ಟೋ ಪದದ ಮ್ಯಾಲ ‘ಕರ್ನಾಟಕಿ ಚಾಲ’ ಅಂತಿರತೈತಿ. ಅವರು ನಮ್ಮಿಂದ ಒಯ್ದದ್ದು, ನಾವು ಅವರಿಂದ ಹೊಳ್ಳಿ ತಂದದ್ದು. 1880ರಾಗ ‘ಸಂಗೀತ ಶಾಕುಂತಲ’ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರು ಬೆಳಗಾವಿ ಜಿಲ್ಲಾದ ಗುರ್ಲಹೊಸೂರು. ಅದಕ್ಕೂ ಮೊದಲು, 1843ರಾಗ, ಸಾಂಗ್ಲಿಯೊಳಗ ವಿಷ್ಣುದಾಸ ಭಾವೆ ಮರಾಠಿ ನಾಟಕ ಸುರು ಮಾಡಿದ್ದು ನಮ್ಮ ಕಡೆಯ ಭಾಗವತರ ಆಟ ನೋಡಿದ ಮ್ಯಾಲ. ಈ ಮನಿ ಕೀಲಿ ಆ ಮನ್ಯಾಗ, ಆ ಮನಿ ಕೀಲಿ ಈ ಮನ್ಯಾಗ.

— ಆಮ್ಯಾಲ ಮರಾಠಿ ಕಂಪನಿಗೆ ಜನ ಮುಗಿಬೀಳೂದು ನೋಡಿ ಶಾಂತಕವಿಗಳು ಗದಗಿನಾಗ ಕನ್ನಡ ನಾಟಕ ಎಬ್ಬಿಸಿದ್ರು. ಅವರೂ ನಮ್ಮಂಗ ಸಾಲಿ ಮಾಸ್ತರ್ರ.

— ಮತ್ತ! ಸಾಲಿ ಮಾಸ್ತರ್ರಿಗೆ ಈ ಹುಚ್ಚು ಹೊಸಾದಲ್ಲ.

— ಕಾಕಾ, ನಿಮ್ಮ ಈ ವಹಿ ನೋಡಿ ನನಗ ತೊರವಿ ನೆನಪಾತು. ಈಗ ಬರುವಾಗ ಸಂಗೀತ ಮಹಲಿನ ಕಡೆ ಗಾಡಿ ತಿರುಗಿಸಿ ಹತ್ತು ಮಿನಿಟ ನಿಂತು ಬಂದೆ. ಎರಡನೇ ಇಬ್ರಾಹಿಂ ಆದಿಲಶಾಹ ಅಲ್ಲಿ 1599ರಾಗ ನವರಸಪುರ ಕಟ್ಟಾಕ ಹಿಡಿದಾ. ಪ್ಯಾಟಿಗೆ ನವರಸ, ನಾಣ್ಯಕ್ಕ ನವರಸ, ಬರೆದ ಪುಸ್ತಕಕ್ಕೂ ‘ಕಿತಾಬ್-ಎ-ನವರಸ್’. 1624ರಾಗ ಮಲಿಕ್ ಅಂಬರ್ ಬಂದು ಊರು ಹಾಳ ಮಾಡಿದ. ಪುಸ್ತಕ ಮಾತ್ರ ಉಳೀತು. ಅದರಾಗ 59 ಹಾಡು, 17 ದೋಹೆ. ಪ್ರತಿ ಹಾಡಿನ ಮ್ಯಾಲ ರಾಗದ ಹೆಸರು ಐತಿ, ಥೇಟ್ ನಿಮ್ಮ ವಹಿಯಂಗ.

— ಯಾರರೆ ಹಾಡತಾರ?

— ಹಾಡತಾರ, ಹೊಸದಾಗಿ ಕೂಡಿಸಿಕೊಂಡು. ಬಾದಶಹಾ ಕೇಳಿದ ಚಾಲ ಯಾರಿಗೂ ಗೊತ್ತಿಲ್ಲ.

— ನೋಡಪಾ. ಬಾದಶಹಾನ ಹಾಡಿಗೆ ಆದ ಗತಿನ ನಮ್ಮ ಕಂಪನಿ ಹಾಡಿಗೂ. ಅದಕ್ಕ ನಾನೂರು ವರ್ಷ ಬೇಕಾತು, ನಮಗ ನಲವತ್ತ ಸಾಕಾತು.

(ಈ ಮಾತು ಕೇಳಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಶೆಡ್ಡಿನ ನೆಟ್ಟು ಗಾಳಿಗೆ ಉಬ್ಬಿ ಇಳಿಯುತ್ತಿತ್ತು.)

— ಇಲ್ಲಿ ಕುಂತಾಗೆಲ್ಲಾ ನನಗ ಥೇಟರ ನೆನಪಾಗತೈತಿ. ನಾಕು ಕಡೆ ತಗಡು, ಮ್ಯಾಲ ತಾಡಪತ್ರಿ. ಜಾತ್ರಿ ಬಂತಂದ್ರ ಎರಡ ದಿನದಾಗ ನಿಲ್ಲಬೇಕು. ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿ, ಆಮ್ಯಾಲ ಬನದ ಹುಣ್ಣಿವಿಗೆ ಬನಶಂಕರಿ. ಬನಶಂಕರಿಯೊಳಗ ಒಂದ ಸಾಲಿನಾಗ ಕಂಪನಿ ಮ್ಯಾಲ ಕಂಪನಿ. ಈ ಥೇಟರಿನ ಹಾಡು ಆ ಥೇಟರಿನೊಳಗ ಕೇಳತಿತ್ತು. ಒಂದ್ ರಾತ್ರಿ ಪಕ್ಕದ ಕಂಪನಿ ಪೇಟಿ ಮಾಸ್ತರ ನನ್ನ ಸುರಕ್ಕ ಸುರ ಕೂಡಿಸಿ ನುಡಿಸಾಕ ಹತ್ತಿದ. ಆಚೆ ರಾಜಾ ಸಾಯಾಕತ್ತಿದ್ದ, ಈಚೆ ಮದಿವಿ ನಡದಿತ್ತು. ಎರಡಕ್ಕೂ ಒಂದ ಪೇಟಿ.

— ಆಗ ಮೈಕು ಇತ್ತಲ್ರಿ?

— ನಮ್ಮ ಕಾಲಕ್ಕ ಬಂದಿತ್ತು. ನಮ್ಮ ಗುರುಗಳ ಕಾಲಕ್ಕ ಇರಲಿಲ್ಲ. ಅದಕ್ಕ ಆಗಿನವರ ಸುರದ ಪಟ್ಟಿ ನೋಡು, ಗಂಡಸ್ರೂ ಕರೇ ನಾಕು, ಬಿಳೇ ಐದು. ನೆಲದಾಗ ಕಡೇ ಸಾಲಿನವಗ ಕೇಳಬೇಕಂದ್ರ ಅಷ್ಟು ಏರಸಬೇಕು. ಮಲ್ಲಿಕಾರ್ಜುನ ಮನ್ಸೂರರು ಹುಡುಗ ಇದ್ದಾಗ ಕಂಪನಿಯೊಳಗ ಹಾಡತಿದ್ರು. ಆ ದನಿ ಕೇಳೇ ಮಿರಜಿನ ನೀಲಕಂಠಬುವಾ ಶಿಷ್ಯಾ ಮಾಡಿಕೊಂಡ್ರು. ಮೊದಲು ನಾಟಕ, ಆಮ್ಯಾಲ ಗವಾಯಿ. ಬೀಳಗಿಯ ಗೋಹರಬಾಯಿ ಬಾಲಗಂಧರ್ವರ ಕಂಪನಿಗೆ ಹೋಗಿ ನಿಂತು ಹಾಡಿದ್ರು. ಅವರ ಸೋದರಿ ಅಮೀರಬಾಯಿ ಮುಂಬೈ ಸಿನೇಮಾಕ್ಕ ಹೋದ್ರು.

— ‘ಕಿಸ್ಮತ್’, 1943. ವಿಜಯಪುರದ ಅಮೀರ ಟಾಕೀಜು ಅವರದ.

— ಹೂಂ. ನಾಟಕದ ದನಿ ಸಿನೇಮಾಕ್ಕ ಹೋಗಿ ರೊಕ್ಕಾ ಮಾಡಿ ಊರಿಗೆ ಬಂದು ಸಿನೇಮಾ ಥೇಟರನ ಕಟ್ಟಿಸಿತು. ಅದನ್ನ ನೋಡಾಕ ಹೋದ ಮಂದಿ ನಮ್ಮ ಥೇಟರ ಬಿಟ್ಟ್ರು. ಯಾರ ಮ್ಯಾಲ ಸಿಟ್ಟಾಗೂದು?

— ಕಾಕಾ, ಒಂದ್ ಮಾತು ಕೇಳಲಿ? ಮಟ್ಟು ಹೋತು ಅಂತೀರಿ. ಮಟ್ಟು ಕಳದವರು ಯಾರು? ನಾನು ಹುಡುಗ ಇದ್ದಾಗ ಜಾತ್ರ್ಯಾಗ ನೋಡಿದ ನಾಟಕದಾಗೆಲ್ಲಾ ಹಿಂದಿ ಸಿನೇಮಾ ಚಾಲೇ ಇತ್ತು. ಪೇಟಿಗೆ ನೀವೇ ಇದ್ದಿರಬೇಕು.

— ...ಇದ್ದೆ. ಅದನ್ನ ಹೇಳಾಕ ನಾಚಿಕಿ ಇಲ್ಲ. ಮಾಲಕರು ಸಂಜೀಕ ಬಂದು, ‘ಮಾಸ್ತರ, ಊರಾಗ ಈ ಹಾಡು ಭಾಳ ನಡದೈತಿ, ರಾತ್ರಿ ಆಟಕ್ಕ ಇದ ಚಾಲ’ ಅಂದ್ರು. ಎರಡು ತಾಸಿನಾಗ ಹಳೇ ಪದಾ ಹೊಸಾ ಚಾಲಿಗೆ ಕೂಡಿಸಿದೆ. ಲಘು ಗುರು ಕೂಡಲಿಲ್ಲ ಅಂದ್ರ ನಡುವ ‘ಸಖಿಯೇ’ ಅಂತ ಒಂದು ತುರುಕಿದೆ. ವನ್ಸ್ ಮೋರ್ ಬಿತ್ತು. ಮೂರು ಸಲ ಹಾಡಿಸಿದ್ರು. ಮರುದಿನ ಹಳೇ ಮಟ್ಟು ಯಾರೂ ಕೇಳಲಿಲ್ಲ, ನಾನೂ ನುಡಸಲಿಲ್ಲ. ಹಿಂಗ ಒಂದೊಂದು ಸಂಜಿಗೆ ಒಂದೊಂದು ಮಟ್ಟು ಹೋತು. ಪಗಾರ ಮಾತ್ರ ಆರ ತಿಂಗಳು ಬಾಕಿ ಉಳೀತು, ಅದು ಬ್ಯಾರೆ ಕತಿ, ಆ ಮಾಲಕರ ಹೆಸರು ಇಲ್ಲಿ ಬ್ಯಾಡ.

— ಹಂಗಾದ್ರ ಈಗ ಹೊಸಾ ಮಟ್ಟು ಹಾಕಿದ್ರ ತಪ್ಪೇನು? ಬಿ.ವಿ. ಕಾರಂತರು ಎಲ್ಲಾ ನಾಟಕಕ್ಕ ಹೊಸದಾಗಿ ಕೂಡಿಸಿದ್ರಲ್ಲ. ಜಡಭರತರ ‘ಸತ್ತವರ ನೆರಳು’ ಬೆನಕ ತಂಡದವರು ಇನ್ನೂ ಆಡತಾರ, ಜನ ಹಾಡಿಗೇ ಬರತಾರ.

— ಕಾರಂತರು ಹುಡುಗ ಇದ್ದಾಗ ಗುಬ್ಬಿ ಕಂಪನಿಯೊಳಗ ಇದ್ರು. ಕಿವಿ ತುಂಬಿಕೊಂಡು ಆಮ್ಯಾಲ ಹೊಸಾದು ಮಾಡಿದ್ರು. ನೀ ಕಿವ್ಯಾಗ ಏನ ತುಂಬಿಕೊಂಡೀ? ‘ಸದಾರಮೆ’ ಬಿಡು, ಅದಕ್ಕ ಪುಣ್ಯಾ ಐತಿ. ಗುಬ್ಬಿ ವೀರಣ್ಣನವರ ಮೊಮ್ಮಗಳು ಜಯಶ್ರೀ ಅಜ್ಜನ ಕಂಪನಿ ಹಾಡು ಗಂಟಲದಾಗ ಉಳಿಸ್ಯಾರ. 1884ರ ಕಂಪನೀದು ಇವತ್ತಿಗೂ ಕೇಳಾಕ ಸಿಗತೈತಿ. ಆ ಹಾಡು ದಕ್ಷಿಣದ ರೀತಿ, ನನ್ನ ಪೇಟಿಗೆ ಸೊಸಿ ಇದ್ದಂಗ, ಮಗಳಲ್ಲ. ಅದಕ್ಕ ಮೈಸೂರು ಕಡೆಯವರನ್ನ ಕರಸು. ನಮ್ಮ ಕಡೆ ಕಂಪನಿಗೆ ಅಂಥಾ ಮೊಮ್ಮಕ್ಕಳು ಎಷ್ಟು ಮಂದಿ ಅದಾರ? ಏಣಗಿ ಬಾಳಪ್ಪನವರು 103 ವರ್ಷ ಬದುಕಿ 2017ರಾಗ ಹೋದ್ರು. ಅಷ್ಟು ವರ್ಷ ಇದ್ರಲ್ಲ, ಅವರ ಮುಂದ ಕುಂತು ಎಷ್ಟು ಮಂದಿ ಕಲತ್ರು? ಬಳ್ಳಾರಿ ಕಡೆ ಸುಭದ್ರಮ್ಮ ಮನ್ಸೂರು, ‘ರಕ್ತರಾತ್ರಿ’ ದ್ರೌಪದಿ ಅಂದ್ರ ಅವರ. 2020ರಾಗ ಹೋದ್ರು. ಆ ವರ್ಷ ಮಾರ್ಚಿನಾಗ ಲಾಕ್‌ಡೌನ್ ಬಿದ್ದು ಕಂಪನಿಗೋಳು ಇದ್ದಲ್ಲೇ ಮಲಗಿದ್ವು.

— ಅದಕ್ಕ ನಿಮ್ಮ ಕಡೆ ಬಂದೀನಿ. ಆ ಭೀಮಪಲಾಸ ಒಂದು ನುಡಸ್ರಿ.

(ಪೇಟಿ ಶೆಡ್ಡಿನ ಮೂಲೆಯಲ್ಲಿ, ಖಾಲಿ ಕ್ರೇಟುಗಳ ಮೇಲೆ, ಗೋಣಿಚೀಲ ಹೊದ್ದು ಕೂತಿತ್ತು. ಕಾಲುಪೇಟಿ ಕಂಪನಿಯ ಜೊತೆಗೇ ಹೋಯಿತಂತೆ, ಇದು ಕೈಪೇಟಿ. ಭಾತೆ ಎಳೆದರು. ಮೂರು ಸ್ವರ ಸರಿಯಾಗಿ ಬಂದವು. ನಾಲ್ಕನೆಯದಕ್ಕೆ ಬರೀ ಗಾಳಿ.)

— ಕೋಮಲ ಗಾಂಧಾರ ಹೋಗೇತಿ. ಗಂಧಕದ ಹೊಗಿಗೆ ಹಿತ್ತಾಳಿ ಪತ್ತಿ ತಿಂದು ಹೋಗತಾವ. ಮಗಗ ಹೇಳಿದ್ದೆ, ಪೇಟಿ ಮನ್ಯಾಗಿಡು ಅಂತ. ದ್ರಾಕ್ಷಿ ಬಂಗಾರದ ಬಣ್ಣ ಆಗಬೇಕಲಾ.

— ಆ ಸುರ ಇಲ್ದ ಭೀಮಪಲಾಸ ಹ್ಯಾಂಗ?

— ಹಿಂಗ.

(ಬೆರಳು ಆ ಪಟ್ಟಿಯ ಮೇಲೆ ಬಂದಾಗಲೆಲ್ಲ ಗಂಟಲಿನಿಂದ ಆ ಒಂದು ಸ್ವರ ಕೊಟ್ಟರು. ಪೇಟಿ, ಗಂಟಲು, ಪೇಟಿ, ಗಂಟಲು. ಮೊದಲ ಸಾಲು ಆಯಿತು. ಎರಡನೆಯ ಸಾಲಿನ ಏರಿಕೆಯಲ್ಲಿ ನಿಂತರು. ಕಣ್ಣು ಮುಚ್ಚಿ ಎರಡು ಸಲ ಹುಡುಕಿದರು. ಮೂರನೆಯ ಸಲಕ್ಕೆ ಎಲ್ಲಿಂದಲೋ ಒಂದು ಮುರುಕಿ ಬಂದು ಕೂತಿತು. ಮಾಸ್ತರ ಬಾಯಿ ತೆರೆದ.)

— ವನ್ಸ್ ಮೋರ್!

— ಸುಮ್ಮ ಕುಂಡ್ರು. ಇದು ಗುರುಗಳದೋ ನಂದೋ ನನಗ ಗೊತ್ತಿಲ್ಲ. ಮರಾಠಿ ಪದದ್ದಂತೂ ಅಲ್ಲ.

— ಫೋನಿನಾಗ ಹಿಡದೀನಿ. ಇದನ್ನ ‘ರಕ್ತರಾತ್ರಿ’ಗೆ ಹಾಕತೀನಿ.

— ಹಾಕು. ಆದ್ರ ಹ್ಯಾಂಡ್‌ಬಿಲ್ಲಿನಾಗ ಮೂಲ ಮಟ್ಟು ಅಂತ ಬರೀಬ್ಯಾಡ. ಸುಳ್ಳಾಗತೈತಿ.

— ಇನ್ನೊಂದು ಲೆಕ್ಕಾ ಐತಿ, ಕಾಕಾ. ಎರಡು ತಾಸಿಗೆ ಇಳಿಸಬೇಕಂತ ಹುಡುಗ್ರು ಅಂತಾರ. ಮಂದಿರ ಹತ್ತಕ್ಕ ಬಿಡಬೇಕು.

— ಇಳಿಸು. ನಾವೇನು ಇಳಿಸಲಿಲ್ಲೇನು? ರಾತ್ರಿಪೂರ್ತಿ ನಡೆಯೂದು ನಮ್ಮ ಕಾಲಕ್ಕ ದಿನಾ ಎರಡು ಆಟ ಆಗಿತ್ತು. ಏನ ಬಿಡತೀ ಅನ್ನೂದು ನೋಡು. ಮಾತು ಬಿಡು, ಹಾಡು ಬಿಡಬ್ಯಾಡ. ಪಟ್ಟಣದವರು ಉಲ್ಟಾ ಮಾಡತಾರ: ಹಾಡು ಕಡದು ಮಾತು ಉಳಸತಾರ, ಯಾಕಂದ್ರ ಮಾತು ಪುಸ್ತಕದಾಗ ಸಿಗತೈತಿ. ಹಾಸ್ಯಾನೂ ನೋಡಿ ಇಡು. ಕಡೀಕ ಕಡೀಕ ನಮ್ಮ ಕಂಪನಿ ಹಾಸ್ಯಾ ಎರಡರ್ಥಕ್ಕ ಇಳಿದು ಹೆಣ್ಮಕ್ಕಳು ಥೇಟರಿಗೆ ಬರೂದು ಬಿಟ್ಟ್ರು. ಹೆಣ್ಮಕ್ಕಳು ಬರಲಿಲ್ಲ ಅಂದ್ರ ಹಾಡು ಯಾರು ಕೇಳತಾರ? ನಮ್ಮ ಮಟ್ಟು ಅರ್ಧ ಉಳಿದದ್ದ ಅವರ ಬಾಯಾಗ, ಬೀಸೂಕಲ್ಲಿನ ಮುಂದ, ತೊಟ್ಟಿಲದ ಮುಂದ.

— ಯಶವಂತ ಸರದೇಶಪಾಂಡೆಯವರು ನಮ್ಮ ಉಕ್ಕಲಿಯವರು, ‘ಆಲ್ ದಿ ಬೆಸ್ಟ್’ ಆಡಿದಾಗ ಮನಿಮಂದಿಯೆಲ್ಲಾ ಬರತಿದ್ರು.

— ಬರತಿದ್ರು. ನಮ್ಮ ಆಡುಮಾತಿನ ಹಾಸ್ಯಾ ಸ್ವಚ್ಛ ಇದ್ರೂ ನಡೀತೈತಿ ಅಂತ ತೋರಿಸಿದ್ರು. ಪಾಪ, 2025ರಾಗ ಹೋಗಿಬಿಟ್ಟ್ರು. ಇರಲಿ. ಉದ್ಘಾಟನಾ ಭಾಷಣ ಎಷ್ಟು?

— ಅತಿಥಿಗಳು ಆರು ಮಂದಿ.

— ಆರು! ಅವರ ಮಾತ ಎರಡು ತಾಸು ಆತಲ್ಲೋ. ಟಿಕೀಟು?

— ಪಾಸು ಕೊಡೂಣು ಅಂತ...

— ಪಾಸು ಕೊಟ್ರ ನಾ ಬರಂಗಿಲ್ಲ. ರೊಕ್ಕಾ ಕೊಟ್ಟವಗ ವನ್ಸ್ ಮೋರ್ ಅನ್ನೂ ಹಕ್ಕೈತಿ, ಬೈಯೂ ಹಕ್ಕೂ ಐತಿ. ಪಾಸಿನವ ಎರಡೂ ಮಾಡಂಗಿಲ್ಲ, ಫೋನ್ ನೋಡಕೋತ ಕುಂಡ್ರತಾನ. ಐವತ್ತು ರೂಪಾಯಿ ಇಡು. ತಿಕೋಟಾದಾಗ ದ್ರಾಕ್ಷಿ ಮಾರಿದ ಮ್ಯಾಲ ಇಡು, ಈಗ ಬ್ಯಾಡ. ಈಗ ಎಲ್ಲಾರೂ ರ್ಯಾಕಿನ ಮುಂದ ನಿದ್ದಿಗೆಟ್ಟಾರ, ಒಂದ್ ಮಳಿ ಬಿದ್ರ ವರ್ಷದ ದುಡಿಮಿ ಹೋತು. ಬಬಲೇಶ್ವರದಾಗ ಬಯಲಿನಾಗ ಆಡ್ರಿ, ಹಾಲ್ ಹುಡುಕಬ್ಯಾಡ್ರಿ.

— ಪೇಟಿ?

— ರಿಪೇರಿ ಮಾಡಿಸಿ ತರತೀನಿ. ಒಬ್ಬ ಹುಡುಗನ್ನ ಈಗಿಂದ ನನ್ನ ಬಾಜೂಕ ಕುಂಡ್ರಸು. ನಾ ಎಷ್ಟ ದಿನ? ವಹಿಯೊಳಗ 140 ಹಾಡು ಅದಾವ, ನನಗ ಬರೂದು ಮೂವತ್ತು.

— ಕಾಕಾ, ಈ ಮಾತೆಲ್ಲಾ ಯಾರರೆ ಬರದು ಹಾಕಿದ್ರ?

— ಹಾಕಲಿ. ನನ್ನ ಹೆಸರು ಬ್ಯಾಡ. ಕಡೀಕ ಒಂದು ಸೇರಿಸಾಕ ಹೇಳು. ವಿಜಯಪುರ, ಬಾಗಲಕೋಟಿ, ಎಲ್ಲೇ ಇರಲಿ, ಯಾರ ಅಟ್ಟದ ಮ್ಯಾಲರೆ ಕಂಪನಿ ಹಾಡಿನ ಪುಸ್ತಕ, ಕೈಬರಹದ ವಹಿ, ಹಳೇ ಹ್ಯಾಂಡ್‌ಬಿಲ್ಲು ಇದ್ರ ರದ್ದಿಗೆ ಹಾಕಬ್ಯಾಡ್ರಿ. ಅದಕ್ಕಿಂತ ಮೊದಲು, ಮನ್ಯಾಗ ಆ ಹಾಡು ಗೊತ್ತಿದ್ದ ಅಜ್ಜ ಅಜ್ಜಿ ಇದ್ರ ಇವತ್ತ ರಾತ್ರಿನ ಹಾಡಿಸಿ ಫೋನಿನಾಗ ಹಿಡದ ಇಟ್ಟಗೋರಿ. ಪೇಟಿ ಬೇಕಾಗಿಲ್ಲ, ಗಂಟಲ ಸಾಕು.